ಎಸಿ ಫಿಟ್ ಮಾಡೋರ ಹತ್ರ ಲೈಸೆನ್ಸು, ಇನ್ಶೂರೆನ್ಸು ಕೇಳಿದ್ರೆ ಲ್ಯಾಮಿನೇಶನ್ ಕಾರ್ಡ್ ತೋರಿಸ್ತಾರೆ, ಅದೇನ್ ಕಾಗ್ದ ಹೇಳ್ರಪ್ಪ (ದಾವಣಗೆರೆ)

ಶಾಮನೂರ್ ರೋಡ್ ಅಕ್ಕ:

ಎಲ್ಲರಿಗೂ ನಮಸ್ಕಾರ. ವಿಷ್ಯ ಸ್ವಲ್ಪ ಉದ್ದ ಐತೆ, ಬೇಜಾರ್ ಮಾಡ್ಕಬ್ಯಾಡ್ರಿ. ನಮ್ಮ ಅಪ್ಪಾಜಿಗೆ ಉಬ್ಬಸ, ಈ ಸಲ ಮಾರ್ಚ್‌ನಾಗೇ ಬಿಸ್ಲು ಹಿಂಗೆ ಹೊಡೀತೈತಲ್ಲ, ಅದ್ಕೆ ಅವ್ರ ರೂಮಿಗೊಂದು ನಮ್ಮ ರೂಮಿಗೊಂದು ಅಂತ ಎರಡು ಒಂದೂವರೆ ಟನ್ ಸ್ಪ್ಲಿಟ್ ಎಸಿ ತಗಂಡ್ವಿ. ಫಿಟ್ಟಿಂಗ್‌ಗೆ ಅಂಗಡಿಯೋರು ಅವ್ರ ಕಡೆಯೋನೊಬ್ಬನ್ನ ಕಳ್ಸಿದ್ರು, ನಿನ್ನೆ ಬಂದು ಜಾಗ ನೋಡ್ಕಂಡು ಹೋದ.

ಹೊರಗಿನ ಯೂನಿಟ್ ಕೂರ್ಸೋ ಗೋಡೆಗೆ ಬಾಲ್ಕನಿ ಇಲ್ಲ, ಸಜ್ಜಾನೂ ಇಲ್ಲ, ಎರಡನೇ ಮಹಡಿ, ಕೆಳಗೆ ನೇರಕ್ಕೆ ಪಕ್ಕದ್ಮನೆಯೋರ ಕಾರು ನಿಲ್ಲೋ ಜಾಗ. "ಹೆಂಗ್ ಹಾಕ್ತೀಯಪ್ಪಾ ಅಲ್ಲಿ" ಅಂದೆ. "ಏನಿಲ್ರೀ ಅಕ್ಕಾರೆ, ಕಿಟಕಿಯಿಂದ ಒಬ್ಬ ಹೊರಗೆ ಬಗ್ಗಿ ಡ್ರಿಲ್ ಹೊಡೀತಾನೆ, ಇನ್ನೊಬ್ಬ ಒಳಗಿಂದ ಅವ್ನ ಸೊಂಟ ಹಿಡ್ಕಂತಾನೆ" ಅಂದ. ನನ್ಗೆ ಅಲ್ಲೇ ಕೈಕಾಲು ತಣ್ಣಗಾತು. ಆಮೇಲೆ ಡಿಬಿ, ಅಂದ್ರೆ ಮನೆಗೆಲ್ಲಾ ಕರೆಂಟ್ ಹಂಚೋ ಬೋರ್ಡು, ನೋಡಿ ಎರಡಕ್ಕೂ ಹೊಸ ಲೈನ್ ಎಳೀಬೇಕು, ಅದನ್ನೂ ನಾನೇ ಮಾಡ್ಕೊಡ್ತೀನಿ ಅಂದ.

ನಾನು ಬ್ಯಾಂಕ್‌ನಾಗೆ ಲೋನ್ ಸೆಕ್ಷನ್ ನೋಡೋಳು, ಕಾಗ್ದ ಕೇಳೋದು ರೂಢಿ. ಲೈಸೆನ್ಸ್ ಐತಾ ಅಂದ್ರೆ ಜೇಬಿಂದ ಲ್ಯಾಮಿನೇಶನ್ ಮಾಡಿದ ಕಾರ್ಡ್ ತೆಗೆದ, ಮೇಲ್ಗಡೆ ಸಿಂಹದ ಮುದ್ರೆ, ಉದ್ಯಮ್ ರಿಜಿಸ್ಟ್ರೇಶನ್ ಅಂತ ಬರ್ದೈತೆ. "ಸೆಂಟ್ರಲ್ ಗೌರ್ಮೆಂಟ್ ಲೈಸೆನ್ಸ್ ಅಕ್ಕಾರೆ" ಅಂದ. ಇನ್ಶೂರೆನ್ಸ್ ಐತೇನಪ್ಪ ಅಂದ್ರೆ "ಎಸಿಗೆ ವಾರಂಟಿ ಐತಲ್ರೀ, ಕಂಪ್ರೆಸರ್‌ಗೆ ಹತ್ತು ವರ್ಷ" ಅಂದ! ನಾನು ಕೇಳಿದ್ದು ಹುಡುಗ ಬಿದ್ರೆ ಏನು, ಯೂನಿಟ್ ಕಾರ್ ಮ್ಯಾಲೆ ಬಿದ್ರೆ ಏನು ಅಂತ. ನಮ್ಮೆಜಮಾನ್ರು "ಗಂಡು ನೋಡಕ್ಕೆ ಬಂದೋರಂಗೆ ವಿಚಾರಿಸ್ತೀಯಲ್ಲೇ, ಎಸಿ ತಾನೆ" ಅಂತ ನಗ್ತಾರೆ. ನಾಡಿದ್ದು ಭಾನುವಾರ ಬರ್ತೀನಿ ಅಂದಾನೆ. ಎಸಿಯೋರಿಗೆ ಅಂತ ಲೈಸೆನ್ಸ್ ಇರ್ತೈತಾ, ಇದ್ರೆ ಎಲ್ಲಿ ಚೆಕ್ ಮಾಡ್ಬೇಕು, ಇನ್ಶೂರೆನ್ಸ್ ಅಂದ್ರೆ ಯಾವ್ದು ಕೇಳ್ಬೇಕು, ಗೊತ್ತಿರೋರು ಹೇಳ್ರಿ.

ಮಂಡಕ್ಕಿ ಮಿರ್ಚಿ:

ಸೊಂಟ ಹಿಡ್ಕಳೋನ ಸೊಂಟ ಯಾರ್ ಹಿಡ್ಕಂತಾರೆ ಅಂತ ಕೇಳಿದ್ರಾ ಅಕ್ಕಾ

ಹಳೇ ವೈರ್‌ಮನ್:

ತಂಗಿ, ಕೇಳಿದ್ದು ಒಳ್ಳೇದೇ ಆತು, ನಗೋರು ನಗ್ಲಿ ಬಿಡು. ನಾನು 31 ವರ್ಷ ವೈರಿಂಗ್ ಕೆಲ್ಸ ಮಾಡ್ದೋನು, ಕಡೇ ಹದಿನೈದು ವರ್ಷ ಸೂಪರ್‌ವೈಸರ್ ಪರ್ಮಿಟ್ ಇತ್ತು, ಈಗ ಕಣ್ಣು ಮಂಜು, ಮನೇಲಿದೀನಿ.

ಮೊದ್ಲು ಆ ಕಾರ್ಡಿನ ಕತೆ. ಉದ್ಯಮ್ ಅನ್ನೋದು ಲೈಸೆನ್ಸ್ ಅಲ್ಲ. ಆಧಾರ್ ನಂಬರ್ ಹಾಕಿ ಮೊಬೈಲ್‌ನಾಗೆ ಪುಕ್ಕಟೆ ಮಾಡ್ಕಂಬೋದು, ನಂದು ಸಣ್ಣ ಉದ್ದಿಮೆ ಅಂತ ಅವನೇ ಹೇಳ್ಕಂಡಿರ್ತಾನೆ ಅಷ್ಟೆ. ಕೆಲ್ಸ ಬರ್ತೈತೋ ಇಲ್ವೋ ಅಂತ ಯಾವ ಅಧಿಕಾರಿನೂ ಬಂದು ನೋಡಿರಲ್ಲ. ಬ್ಯಾಂಕ್ ಸಾಲಕ್ಕೆ ಉಪಯೋಗ ಆಗ್ತೈತೆ, ಅದು ನಿನ್ಗೇ ನನಗಿಂತ ಚೆನ್ನಾಗ್ ಗೊತ್ತಿರ್ಬೇಕು. ಇನ್ ಕೆಲವ್ರು ಮಹಾನಗರ ಪಾಲಿಕೆ ಟ್ರೇಡ್ ಲೈಸೆನ್ಸ್ ತೋರಿಸ್ತಾರೆ, ಅದು ಅಂಗಡಿ ಇಟ್ಕಂಡಿರೋ ಜಾಗಕ್ಕೆ. ಆ ವಿಳಾಸದಾಗೆ ಒಬ್ಬ ಅದಾನೆ, ನಾಳೆ ಹುಡುಕ್ಕಂಡು ಹೋದ್ರೆ ಸಿಗ್ತಾನೆ ಅನ್ನೋಕೆ ಸಾಕ್ಷಿ, ಅಷ್ಟು ಮಾತ್ರ.

ನಮ್ಮ ರಾಜ್ಯದಾಗೆ ಎಸಿ ಲೈಸೆನ್ಸ್ ಅಂತ ಒಂದೇ ಒಂದು ಕಾಗ್ದ ಇಲ್ಲ. ಆದ್ರೆ ಕರೆಂಟಿಗೆ ಐತೆ, ಜನ ಅದನ್ನೇ ಮರೀತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಅಂತ 2010ರಲ್ಲಿ ಬಂತು, 2023ರಲ್ಲಿ ಅದನ್ನ ಹೊಸದಾಗಿ ತಂದ್ರು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆ ಸಾಮಾನು ಇಂಥವನ್ನ ಇದ್ದ ಜಾಗದಾಗೆ ಇದ್ದ ಕೆಪಾಸಿಟಿನಾಗೇ ಬದ್ಲಾಯ್ಸಕ್ಕೆ ಯಾರ್ ಬೇಕಾದ್ರೂ ಆತು. ಅದು ಬಿಟ್ಟು ಲೈನ್ ಸೇರ್ಸೋದು, ಬದ್ಲು ಮಾಡೋದು ಅಂದ್ರೆ ರಾಜ್ಯ ಸರ್ಕಾರದ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಂಟ್ರಾಕ್ಟರೇ ಮಾಡಿಸ್ಬೇಕು, ಪರ್ಮಿಟ್ ಇರೋನೇ ಕೈ ಹಾಕ್ಬೇಕು. ಅಂದ್ರೆ ಮೊದ್ಲೇ ಇರೋ 16 ಆಂಪ್ಸ್ ಪ್ಲಗ್‌ಗೆ ಎಸಿ ಚುಚ್ಚಿದ್ರೆ ಲೈಸೆನ್ಸ್ ಪ್ರಶ್ನೆ ಬರಲ್ಲ, ಡಿಬಿಯಿಂದ ಹೊಸ ಲೈನ್ ಎಳೆದ್ರೆ ಬರ್ತೈತೆ. ನಿಮ್ಮನೇದು ಎರಡನೇದು.

ಲೈಸೆನ್ಸ್ ಕೊಡೋದು ಬೆಸ್ಕಾಂ ಅಲ್ಲ, ಸರ್ಕಾರದ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟ್, ವಿದ್ಯುತ್ ಪರಿವೀಕ್ಷಣಾಲಯ ಅಂತಾರೆ. ಕಾಗ್ದದಾಗೆ ಹೆಸರು, ಕ್ಲಾಸು, ನಂಬರು, ಎಲ್ಲಿವರೆಗೆ ಊರ್ಜಿತ ಅಂತ ತಾರೀಕು ಇರ್ತೈತೆ. ತಾರೀಕು ನೋಡು. ಆಮೇಲೆ ಮನೆಗೆ ಬಂದು ಕೆಲ್ಸ ಮಾಡೋ ಮುಖ ಯಾವ್ದು ನೋಡು, ವೈರ್‌ಮನ್ ಪರ್ಮಿಟ್‌ನಾಗೆ ಫೋಟೋ ಇರ್ತೈತೆ. ಯಾಕಂದ್ರೆ ನಮ್ಮ ಕಸುಬಿನಾಗೆ ಲೈಸೆನ್ಸ್ ಒಬ್ಬಂದು ಕೆಲ್ಸ ಇನ್ನೊಬ್ಬಂದು ಅನ್ನೋದು ಹಳೇ ಕಾಯ್ಲೆ, ಸಹಿ ಬಾಡ್ಗೆಗೆ ಕೊಟ್ಟು ಮನೇಲಿ ಕುಂತೋರನ್ನ ನಾನೇ ನೋಡೀನಿ.

ನಾನಾಗಿದ್ರೆ ಒಂದೇ ಮಾತು ಕೇಳ್ತಿದ್ದೆ, ಬೆಸ್ಕಾಂನಾಗೆ ಲೋಡ್ ಜಾಸ್ತಿ ಮಾಡ್ಸೋ ಅರ್ಜಿಗೆ ನೀನೇ ಸಹಿ ಹಾಕ್ತೀಯಾ ಅಂತ. ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ನೋಡು. ಒಂದೂವರೆ ಟನ್ ಎಸಿ ಒಂದೊಂದೂ ಹತ್ತಿರ ಹತ್ತಿರ ಒಂದೂವರೆ ಕಿಲೋವ್ಯಾಟ್ ಎಳೀತೈತೆ, ಎರಡಕ್ಕೆ ಮೂರಾತು, ಗೀಸರ್ ಬೇರೆ. ಮಂಜೂರಾತಿ ಎರಡೋ ಮೂರೋ ಇದ್ರೆ ಲೋಡ್ ಏರಿಸ್ಲೇಬೇಕು. ಆ ಅರ್ಜಿಗೆ ಲೈಸೆನ್ಸ್‌ದಾರನ ಸಹಿ, ನಂಬರ್ ಬೇಕು. ಲೈಸೆನ್ಸ್ ಇರೋನು ಆತು ಅಂತಾನೆ, ಇಲ್ದೋನು "ಅದೆಲ್ಲಾ ಯಾರ್ ಕೇಳ್ತಾರೆ ಬಿಡಮ್ಮ" ಅಂತಾನೆ.

ದುರ್ಗದ ಹುಡ್ಗ:

ವೈರ್‌ಮನ್ ಕಾಕಾ ಹೇಳಿದ್ರಲ್ಲ "ಯಾರ್ ಕೇಳ್ತಾರೆ" ಅಂತ, ನಮ್ಮನೇಲಿ ಆಗಿದ್ದು ಹೇಳ್ತೀನಿ ಕೇಳ್ರಿ. ನಾವು ಚಿತ್ರದುರ್ಗ, ಕೋಟೆ ಕಡೆ ಬಂಡೆ ಕಾದ್ರೆ ರಾತ್ರಿ ಹತ್ತಾದ್ರೂ ಆರಲ್ಲ, ಹಂಗಾಗಿ ಹೋದ್ವರ್ಷ ಏಪ್ರಿಲ್‌ನಾಗೆ ಎಸಿ ತಣ್ಣಗ್ ಮಾಡ್ತಿಲ್ಲ ಅಂತ ಫೋನ್‌ನಾಗೆ ಹುಡುಕಿ ಮೊದ್ಲು ಬಂದ ನಂಬರಿಗೆ ಹಚ್ಚಿದೆ, ಕಂಪನಿ ಕಸ್ಟಮರ್ ಕೇರ್ ಅಂದ್ಕಂಡು. ಒಬ್ಬ ಬಂದ, ಗ್ಯಾಸ್ ಖಾಲಿ ಅಂದ, ಇಪ್ಪತ್ತೈದು ನಿಮಿಷದಾಗೆ ಹಾಕಿ ಮುಗಿಸ್ದ, 3200 ಪ್ಲಸ್ ಜಿಎಸ್‌ಟಿ. ಬಿಲ್ ಪ್ರಿಂಟ್ ಮಾಡಿದ್ದು, ಅದ್ರಾಗೆ ಜಿಎಸ್‌ಟಿ ನಂಬರ್, ಲೋಗೋ, ಎಲ್ಲಾ ಜೋರು. ಹದಿನೆಂಟು ದಿನಕ್ಕೆ ಮತ್ತೆ ಬಿಸಿಗಾಳಿ. ಫೋನ್ ಮಾಡಿದ್ರೆ ಎತ್ತಲ್ಲ.

ಸಿಟ್ಟಿಗೆ ಜಿಎಸ್‌ಟಿ ಪೋರ್ಟಲ್ ತೆಗ್ದೆ. ಲಾಗಿನ್ ಏನೂ ಬ್ಯಾಡ, ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇರ್ತೈತೆ, 15 ಅಕ್ಷರ ಹಾಕಿದ್ರೆ ಬರ್ತೈತೆ. ನಂಬರ್ ಏನೋ 29ರಿಂದಾನೇ ಶುರು, ಅಂದ್ರೆ ಕರ್ನಾಟಕದ್ದೇ. ಆದ್ರೆ ಹೆಸರು ಯಾವ್ದೋ ಬಟ್ಟೆ ವ್ಯಾಪಾರದ್ದು, ಸ್ಟೇಟಸ್ಸು "ಕ್ಯಾನ್ಸಲ್ಡ್ ಸುವೋ ಮೋಟೋ", ಅಂದ್ರೆ ಇಲಾಖೆಯೋರೇ ರದ್ದು ಮಾಡ್ಯಾರೆ. ನನ್ನ ಹತ್ರ 18 ಪರ್ಸೆಂಟ್ ಟ್ಯಾಕ್ಸ್ ಅಂತ ತಗಂಡ 576 ರೂಪಾಯಿ ಸರ್ಕಾರಕ್ಕೆ ಹೋಗಿಲ್ಲ, ಅವ್ನ ಜೇಬಿಗೇ ಹೋಗೈತೆ! ಎರಡು ನಿಮಿಷದ ಕೆಲ್ಸ ಅದು, ಬಾಗ್ಲು ತೆಗ್ಯೋ ಮುಂಚೆ ಮಾಡಿದ್ರೆ ಉಳೀತಿತ್ತು. ಆವತ್ತಿಂದ ಹುಡುಕಿ ಸಿಗೋ ನಂಬರಿಗೆ ಫೋನ್ ಮಾಡಲ್ಲ, ವಾರಂಟಿ ಕಾರ್ಡ್ ಹಿಂದೆ ಅಚ್ಚಾಗಿರೋ ನಂಬರ್ ಒಂದೇ.

ಹರಿಹರದ ತಂಗಿ:

ಹಂಗಾದ್ರೆ ಜಿಎಸ್‌ಟಿ ಇಲ್ದೋರ್ನ ಕರೀಲೇಬಾರ್ದಾ? ನಮ್ಮ ಬೀದಿಯೋರೆಲ್ಲಾ ಕರೆಯೋ ಅಣ್ಣಂಗೆ ಬಿಲ್ ಬುಕ್ಕೇ ಇಲ್ಲ

ಗೇಜ್ ಅಣ್ಣ:

ನೋಡ್ರಪ್ಪ, ಇಷ್ಟೊತ್ತು ಸುಮ್ನೆ ಓದ್ತಿದ್ದೆ, ಈಗ ಬರೀತೀನಿ, ಯಾಕಂದ್ರೆ ನೀವೆಲ್ಲಾ ಮಾತಾಡ್ತಿರೋದು ನನ್ನಂಥೋನ ಬಗ್ಗೆ. ದಾವಣಗೆರೇನಾಗೆ 12 ವರ್ಷದಿಂದ ಎಸಿ, ಫ್ರಿಜ್ ಕೆಲ್ಸ. ಐಟಿಐನಾಗೆ ರೆಫ್ರಿಜರೇಶನ್ ಟ್ರೇಡ್ ಎರಡು ವರ್ಷ ಓದೀನಿ, ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಐತೆ, ನಂಬರ್ ಐತೆ, ಬೇಕಾದ್ರೆ ಚೆಕ್ ಮಾಡ್ರಿ. ಇಷ್ಟು ವರ್ಷದಾಗೆ ಅದನ್ನ ತೋರ್ಸಪ್ಪ ಅಂದೋರು ಎಷ್ಟ್ ಜನ ಗೊತ್ತಾ, ಇಬ್ರು. ಒಬ್ರು ಡಾಕ್ಟ್ರು, ಇನ್ನೊಬ್ರು ಹೈಸ್ಕೂಲ್ ಮೇಡಮ್ಮು.

ಜಿಎಸ್‌ಟಿ ಇಲ್ದೋರೆಲ್ಲಾ ಕಳ್ರಲ್ಲ. ವರ್ಷಕ್ಕೆ 20 ಲಕ್ಷ ವಹಿವಾಟು ದಾಟದೇ ಇರೋ ಸರ್ವಿಸ್‌ನೋನು ನಂಬರ್ ತಗಳ್ಳೇಬೇಕು ಅಂತಿಲ್ಲ, ನಾನೂ ತಗಂಡಿಲ್ಲ. ಬಿಲ್ ಬುಕ್ ಐತೆ, ಮ್ಯಾಲೆ ಹೆಸರು, ವಿಳಾಸ, ಫೋನ್ ಇರ್ತೈತೆ, ಟ್ಯಾಕ್ಸ್ ಹಾಕಲ್ಲ ಅಷ್ಟೆ. ನಂಬರ್ ಇಲ್ದೆ ಟ್ಯಾಕ್ಸ್ ಕೇಳೋನು ಕಳ್ಳ.

ಇನ್ನ ಕೆಲ್ಸ. ಕಾಗ್ದ ನೋಡ್ರಿ, ಬ್ಯಾಡ ಅನ್ನಲ್ಲ, ಆದ್ರೆ ಚೀಲಾನೂ ನೋಡ್ರಿ. ಫಿಟ್ಟಿಂಗ್‌ಗೆ ಬಂದೋನ ಚೀಲದಾಗೆ ವ್ಯಾಕ್ಯೂಮ್ ಪಂಪ್ ಐತಾ? ಪೈಪ್ ಒಳಗಿನ ಗಾಳಿ, ತೇವ ಪೂರ್ತಿ ಎಳೀಬೇಕು, ಅದಕ್ಕೆ ಅರ್ಧ ಗಂಟೆನಾದ್ರೂ ಹಿಡೀತೈತೆ, ಆಮೇಲೆ ಮುಚ್ಚಿ ಮೀಟರ್ ಮುಳ್ಳು ವಾಪಸ್ ಬರ್ತೈತಾ ಅಂತ ಕಾಯ್ಬೇಕು. ದುರ್ಗದ ತಮ್ಮಂಗೆ 25 ನಿಮಿಷದಾಗೆ ಗ್ಯಾಸ್ ಹಾಕಿ ಹೋದ ಅಂದ್ರೆ ಲೀಕ್ ಎಲ್ಲಿ ಅಂತ ಹುಡುಕೇ ಇಲ್ಲ, ತೂತಿನ ಬಿಂದಿಗೆಗೆ ನೀರ್ ಹೊಯ್ದಂಗೆ. ಗ್ಯಾಸ್ ಖಾಲಿ ಆಗೋ ಸಾಮಾನಲ್ಲ ಅದು, ಲೀಕ್ ಇದ್ರೇನೇ ಹೋಗೋದು.

ಲೀಕ್ ಟೆಸ್ಟ್ ಮಾಡೋದು ನೈಟ್ರೋಜನ್ ಹಾಕಿ. ವೆಲ್ಡಿಂಗ್ ಅಂಗಡಿ ಆಕ್ಸಿಜನ್ ಸಿಲಿಂಡರ್ ತಗಂಡ್ ಬಂದು ಪ್ರೆಶರ್ ಕೊಡ್ತೀನಿ ಅಂದೋನ್ನ ಮನೆ ಒಳಗೆ ಬಿಟ್ಕಬ್ಯಾಡ್ರಿ, ಕಂಪ್ರೆಸರ್‌ನಾಗೆ ಎಣ್ಣೆ ಇರ್ತೈತೆ, ಎಣ್ಣೆಗೂ ಒತ್ತಡದ ಆಕ್ಸಿಜನ್‌ಗೂ ಸೇರಿದ್ರೆ ಬಾಂಬೇ. ಈಗಿನ ಹೊಸ ಎಸಿನಾಗೆ ಇರೋದು ಹೆಚ್ಚಾಗಿ ಆರ್32 ಅನ್ನೋ ಗ್ಯಾಸು, ಅದು ಸ್ವಲ್ಪ ಬೆಂಕಿ ಹಿಡಿಯೋ ಜಾತಿ. ಕೆಲವ್ರ ಎಸಿನಾಗೆ ಆರ್290, ಅದಂತೂ ಪ್ರೊಪೇನು, ಅಡುಗೆ ಗ್ಯಾಸಿನ ಅಣ್ಣ. ಬೆಂಕಿ ಹಿಡೀದ ಹಳೇ ಆರ್22 ಗ್ಯಾಸಿನ ಕಾಲದ ಧೈರ್ಯದಾಗೆ ಬೀಡಿ ಹಚ್ಕಂಡು ಇದನ್ನ ಬಿಚ್ಚಂಗಿಲ್ಲ. ಯೂನಿಟ್ ಮೇಲೆ ಸ್ಟಿಕ್ಕರ್ ಇರ್ತೈತೆ, ಯಾವ್ ಗ್ಯಾಸಪ್ಪ ಇದು ಅಂತ ಕೇಳ್ರಿ, ಸ್ಟಿಕ್ಕರ್ ನೋಡ್ದೇನೇ ಹೇಳಿದ್ರೆ ಸುಮ್ನೆ ಹೇಳ್ತಾನೆ ಅಂತ ಅರ್ಥ.

ಕಡೇದು ಇನ್ಶೂರೆನ್ಸು. ಅಕ್ಕಾರೆ, ನಮ್ಗೆ ಬೀಳೋ ಭಯ ಇಲ್ಲ ಅಂದ್ಕಂಡ್ರಾ? ಮೂರ್ ವರ್ಷದ ಹಿಂದೆ ನನ್ನ ಜೊತೆ ಇದ್ದ ಹುಡುಗ ಮೊದ್ಲನೇ ಮಹಡಿಯಿಂದ ಏಣಿ ಜಾರಿ ಬಿದ್ದ. ಪುಣ್ಯಕ್ಕೆ ಮಣ್ಣಿನ ಮೇಲೆ ಬಿದ್ದ, ಕಾಲರ್ ಬೋನ್ ಮುರೀತು. ಮನೆಯೋರು ಒಂದ್ ಲೋಟ ನೀರು ಕೊಟ್ಟು ಗೇಟ್ ಹಾಕ್ಕಂಡ್ರು. ಆಸ್ಪತ್ರೆಗೆ 48 ಸಾವಿರ, ನನ್ನ ಹೆಂಡ್ತಿ ಚೈನು ಅಡ ಇಟ್ಟೆ, ಬಿಡಿಸ್ಕಳಕ್ಕೆ ಹದಿನಾಲ್ಕು ತಿಂಗ್ಳು ಬೇಕಾತು. ಫಿಟ್ಟಿಂಗ್ 1500 ಅಂದ್ರೆ "1200 ಮಾಡ್ಕಳಪ್ಪ" ಅಂತ ಚೌಕಾಸಿ ಮಾಡೋರೇ ಹತ್ತಕ್ಕೆ ಒಂಬತ್ತು, ಆ 300 ರೂಪಾಯಿನಾಗೇ ನಮ್ಮ ಪಾಲಿಸಿ ಕಂತು ಇರ್ತೈತೆ ಅಂತ ಯಾರಿಗೆ ಹೇಳೋಣ.

ಶಾಮನೂರ್ ರೋಡ್ ಅಕ್ಕ:

ಅಣ್ಣ, ಬೇಜಾರಾದ್ರೆ ಕ್ಷಮ್ಸಿ, ನಿಮ್ಮಂಥೋರ್ನ ಅಂದಿದ್ದಲ್ಲ. 1500ಕ್ಕೆ ನಾನೂ 1200 ಕೇಳಿದ್ದೆ, ಸುಳ್ಳು ಯಾಕ್ ಹೇಳ್ಲಿ. ಪಾಲಿಸಿ ಅಂದ್ರಲ್ಲ, ಅದು ಯಾವ್ದು?

ಪಾಲಿಸಿ ಮೇಷ್ಟ್ರು:

ನಾನು ಜನರಲ್ ಇನ್ಶೂರೆನ್ಸ್‌ನಲ್ಲಿ ಏಜೆಂಟ್, ಅದಕ್ಕೆ ಮೊದಲು ಪ್ರೈಮರಿ ಸ್ಕೂಲ್ ಮೇಷ್ಟ್ರು, ಹಾಗಾಗಿ ಬಿಡಿಸಿ ಹೇಳೋ ಚಟ, ಸಹಿಸ್ಕೊಳ್ಳಿ. ಏನನ್ನೂ ಮಾರಕ್ಕೆ ಬಂದಿಲ್ಲ.

ಮೇಡಂ, ನಿಮ್ಮ ಭಯದಲ್ಲಿ ಎರಡು ಭಯ ಇವೆ, ಎರಡಕ್ಕೂ ಬೇರೆ ಬೇರೆ ಪಾಲಿಸಿ. ಹುಡುಗ ಬಿದ್ರೆ ಅನ್ನೋದಕ್ಕೆ ಕಂಟ್ರಾಕ್ಟರ್ ತನ್ನ ಕೆಲಸಗಾರರ ಮೇಲೆ ಮಾಡಿಸೋ ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ, ಊರಲ್ಲಿ ಎಲ್ಲರೂ ಇನ್ನೂ ಡಬ್ಲ್ಯೂಸಿ ಅಂತಾನೇ ಕರೆಯೋದು. ಯೂನಿಟ್ ಪಕ್ಕದವರ ಕಾರಿನ ಮೇಲೆ ಬಿದ್ರೆ ಅನ್ನೋದಕ್ಕೆ ಲಯಬಿಲಿಟಿ ಪಾಲಿಸಿ, ಹೊರಗಿನವರಿಗೆ ಆದ ನಷ್ಟ ತುಂಬೋದು. ಮೊದಲನೇದು ಇದ್ರೆ ಎರಡನೇದು ಇದ್ದೇ ಇರುತ್ತೆ ಅಂತ ತಿಳೀಬೇಡಿ. ನಮ್ಮ ಕಡೆ ಸಣ್ಣ ಕಂಟ್ರಾಕ್ಟರ್‌ಗಳಲ್ಲಿ ಎರಡನೇದು ಮಾಡಿಸಿರೋರನ್ನ ನಾನು ಕೈಬೆರಳಲ್ಲಿ ಎಣಿಸಬಲ್ಲೆ.

ಡಬ್ಲ್ಯೂಸಿ ಯಾಕೆ ಮುಖ್ಯ ಅಂತ ಲೆಕ್ಕ ಹಾಕಿ ತೋರಿಸ್ತೀನಿ. ಕೆಲಸಗಾರರ ಪರಿಹಾರದ 1923ರ ಹಳೇ ಕಾಯ್ದೆ ಲೆಕ್ಕದಲ್ಲಿ ಕೆಲಸದಲ್ಲಿ ಸತ್ತರೆ ತಿಂಗಳ ಸಂಬಳದ ಅರ್ಧಕ್ಕೆ ವಯಸ್ಸಿನ ಅಂಶ ಅಂತ ಒಂದನ್ನ ಗುಣಿಸ್ತಿದ್ರು. ಸಂಬಳ ಎಷ್ಟೇ ಇರಲಿ 15,000ಕ್ಕೆ ಮಿತಿ ಇತ್ತು. 25 ವರ್ಷದ ಹುಡುಗನಿಗೆ ಅಂಶ 216.91. ಅಂದ್ರೆ 7,500 ಗುಣಿಸು 216.91, 16,26,825 ರೂಪಾಯಿ. ಆ ಕಾಯ್ದೆ ಬದಲು 2025ರ ನವೆಂಬರ್‌ನಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು, ಅರ್ಧಕ್ಕೆ ಅಂಶ ಗುಣಿಸೋ ರೀತಿ ಅದರಲ್ಲೂ ಇದೆ. ಈ ದುಡ್ಡು ಕೊಡಬೇಕಾದವನು ಆ ಹುಡುಗನನ್ನ ಕೆಲಸಕ್ಕೆ ಇಟ್ಟುಕೊಂಡವನು. ಸ್ಪ್ಲೆಂಡರ್ ಮೇಲೆ ಓಡಾಡೋ ಮನುಷ್ಯ 16 ಲಕ್ಷ ಎಲ್ಲಿಂದ ತರ್ತಾನೆ? ಪಾಲಿಸಿ ಇದ್ರೆ ಕಂಪನಿ ತರುತ್ತೆ. ಮನೆ ಮಾಲೀಕರ ಮೇಲೆ ಬರುತ್ತಾ ಅಂತ ಎಲ್ಲರೂ ಕೇಳ್ತಾರೆ. ಕಂಟ್ರಾಕ್ಟರ್ ಮೂಲಕ ಮಾಡಿಸಿದಾಗ ಮೂಲ ಕೆಲಸ ಕೊಟ್ಟವನ ಮೇಲೂ ಹೊಣೆ ಹೊರಿಸೋ ಕಲಮು ತನ್ನ ವ್ಯಾಪಾರಕ್ಕೋಸ್ಕರ ಕೆಲಸ ಕೊಟ್ಟವನಿಗೆ ಅನ್ವಯ, ವಾಸದ ಮನೆಗೆ ಎಸಿ ಹಾಕಿಸೋದು ವ್ಯಾಪಾರ ಅಲ್ಲ. ಹಾಗಂತ ಪೊಲೀಸ್ ಸ್ಟೇಷನ್ ಓಡಾಟ ತಪ್ಪುತ್ತೆ, ರಾತ್ರಿ ನಿದ್ದೆ ಬರುತ್ತೆ ಅಂತ ನಾನು ಹೇಳಲ್ಲ.

ಪಾಲಿಸಿ ತೋರಿಸಿದ್ರೆ ಏನು ನೋಡಬೇಕು? ತಾರೀಕು ನೋಡ್ತೀರಿ, ಅದು ಗೊತ್ತೇ ಇದೆ. ಜನ ನೋಡದೇ ಇರೋದು ಕೆಲಸದ ವಿವರಣೆ. ಅಂಗಡಿಯೊಳಗೆ ರಿಪೇರಿ ಅಂತ ಬರೆಸಿ ಕಡಿಮೆ ಪ್ರೀಮಿಯಂ ಕಟ್ಟಿದವನ ಹುಡುಗ ಎರಡನೇ ಮಹಡಿ ಗೋಡೆಯಿಂದ ಬಿದ್ರೆ ಕ್ಲೇಮ್ ಟೇಬಲ್ ಮೇಲೆ ಜಗಳ ಗ್ಯಾರಂಟಿ. ಆಮೇಲೆ ಎಷ್ಟು ಜನಕ್ಕೆ ಅಂತ. ಇಬ್ಬರಿಗೆ ಮಾಡಿಸಿ ಐದು ಜನರನ್ನ ಕರ್ಕೊಂಡು ಬಂದ್ರೆ ಆ ಮೂವರು ಯಾರ ಲೆಕ್ಕ? ಆಸ್ಪತ್ರೆ ಖರ್ಚು ಬೇಕು ಅಂದ್ರೆ ಮೆಡಿಕಲ್ ಎಕ್ಸ್‌ಟೆನ್ಷನ್ ಅಂತ ಬೇರೆ ಸೇರಿಸಿರಬೇಕು. ಮತ್ತೆ ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ನಂಬಬೇಡಿ, ಪಾಲಿಸಿ ನಂಬರ್ ಇಟ್ಕೊಂಡು ಆ ಕಂಪನಿ ಬ್ರಾಂಚಿಗೆ ಅಥವಾ ಟೋಲ್ ಫ್ರೀಗೆ ನೀವೇ ಫೋನ್ ಮಾಡಿ ಜಾರಿಯಲ್ಲಿದೆಯಾ ಅಂತ ಕೇಳಿ. ಹಳೇ ಪಾಲಿಸಿಯ ವರ್ಷ ತಿದ್ದಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ತಿದ್ದಿದವನು 2ನ್ನ 3 ಮಾಡಿದ್ದ, ಆದ್ರೆ ಕೆಳಗೆ ಅಕ್ಷರದಲ್ಲಿದ್ದ ತಾರೀಕು ಮರೆತಿದ್ದ.

ಅಷ್ಟೆಲ್ಲಾ ಇಲ್ಲದ ಹುಡುಗರಿಗೆ ಕನಿಷ್ಠ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸು, ಬ್ಯಾಂಕ್ ಖಾತೆಯಿಂದ ಕಟ್ ಆಗುತ್ತೆ, ಜೂನ್ 1ರಿಂದ ಮೇ 31. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ಆದ್ರೆ ಗೇಜ್ ಅಣ್ಣನ ಹುಡುಗನಿಗೆ ಆದಂಥ ಮೂಳೆ ಮುರಿತಕ್ಕೆ ಅದರಿಂದ ಒಂದು ಪೈಸೆ ಬರಲ್ಲ, ಆಸ್ಪತ್ರೆ ಬಿಲ್ ಅದು ಕೊಡಲ್ಲ. 16 ಲಕ್ಷಕ್ಕೂ 2 ಲಕ್ಷಕ್ಕೂ ಅಂತರ ನೀವೇ ನೋಡಿ.

ಮಂಡಕ್ಕಿ ಮಿರ್ಚಿ:

ಮೇಷ್ಟ್ರೇ 20 ರೂಪಾಯಿಗೆ ನಮ್ಮೂರಾಗೆ ಈಗ ಅರ್ಧ ಬೆಣ್ಣೆದೋಸೇನೂ ಬರಲ್ಲ

ಡಲ್ಲಾಸ್ ದಾವಣಗೆರೆ:

ನಾನು ಹುಟ್ಟಿದ್ದು ಪಿ.ಜೆ. ಬಡಾವಣೆ, ಈಗ ಇರೋದು ಅಮೆರಿಕದ ಟೆಕ್ಸಾಸ್. ಇಲ್ಲಿ ಎಸಿ ಕಂಟ್ರಾಕ್ಟರ್‌ಗೆ ರಾಜ್ಯದ್ದೇ ಲೈಸೆನ್ಸ್ ಇದೆ, ನಂಬರ್‌ನ ವ್ಯಾನ್ ಮೇಲೆ ಬರೆಸಲೇಬೇಕು, ಇಲಾಖೆ ಸೈಟ್‌ನಲ್ಲಿ ಹಾಕಿದ್ರೆ ಹೆಸರು, ಅವಧಿ ಎಲ್ಲಾ ಬರುತ್ತೆ. ಲೈಸೆನ್ಸ್ ಬೇಕು ಅಂದ್ರೆ ಲಯಬಿಲಿಟಿ ಇನ್ಶೂರೆನ್ಸ್ ಇರಲೇಬೇಕು, ದೊಡ್ಡ ಕ್ಲಾಸ್‌ಗೆ ಒಂದು ಘಟನೆಗೆ ಮೂರು ಲಕ್ಷ ಡಾಲರ್, ಸಣ್ಣದಕ್ಕೆ ಒಂದು ಲಕ್ಷ. ಗ್ಯಾಸ್ ಮುಟ್ಟೋನಿಗೆ ಕೇಂದ್ರದ ಪರಿಸರ ಸಂಸ್ಥೆ ಪರೀಕ್ಷೆ ಬೇರೆ. ಇಲ್ಲಿ ನಾನು ಕಲಿತ ಒಂದು ಪಾಠ, ಇನ್ಶೂರೆನ್ಸ್ ಕಾಗದ ಕಂಟ್ರಾಕ್ಟರ್ ಕೈಯಿಂದ ಇಸ್ಕೋಬಾರದು, ಅವನ ಏಜೆಂಟ್‌ಗೆ ಹೇಳಿ ನೇರ ನಮಗೇ ಕಳಿಸಬೇಕು. ಮೇಷ್ಟ್ರು ಹೇಳಿದ್ದೂ ಅದೇ.

ಅಂಥಾ ಕಾನೂನು ಇದ್ದೂ ಜುಲೈ ಸೆಖೆಯಲ್ಲಿ ಕಂಪನಿಯವರು ವಾರ ಕಾಯಿಸಿದ್ರೆ ಪಕ್ಕದ ಮನೆಯವರು ಯಾರೋ "ಗೊತ್ತಿರೋ ಹುಡುಗ"ನ್ನ ಕರೆಸ್ತಾರೆ, ಅದೂ ನೋಡಿದೀನಿ.

ಮಂಡಕ್ಕಿ ಮಿರ್ಚಿ:

ಇಲ್ಲಿ ವ್ಯಾನ್ ಎಲ್ಲೈತಣ್ಣ, ಬೈಕ್ ಹಿಂದೆ ಅಡ್ಡ ಕಟ್ಟಿರೋ ಏಣಿ ಮೇಲೆ ನಂಬರ್ ಬರೆಸ್ಬೇಕು

ಹಳೇ ವೈರ್‌ಮನ್:

ಮೇಷ್ಟ್ರೇ ಒಂದ್ ಮಾತು. ಕೆಲ್ಸ ಆಗಿ ಆರ್ ತಿಂಗ್ಳಿಗೆ ಜಾಯಿಂಟ್ ಸುಟ್ಟು ಬೆಂಕಿ ಹತ್ತಿದ್ರೆ? ನಾನು ಕಂಡಂಗೆ ಅದೇ ಜಾಸ್ತಿ, ಬೀಳೋದಕ್ಕಿಂತ. ತೆಳ್ಳನೇ ವೈರು, ಸಡಿಲ ಸ್ಕ್ರೂ, ರಾತ್ರಿಯೆಲ್ಲಾ ಎಸಿ ಓಡ್ತೈತೆ, ಪ್ಲಗ್ ಟಾಪ್ ಕಂದು ಬಣ್ಣಕ್ಕೆ ತಿರುಗ್ತೈತೆ, ಯಾರೂ ನೋಡಲ್ಲ.

ಪಾಲಿಸಿ ಮೇಷ್ಟ್ರು:

ಅದು ಮನೆಯವರದೇ ಪಾಲಿಸಿ ವಿಷಯ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಎಲ್ಲಾ ಕಂಪನಿಯಲ್ಲೂ ಒಂದೇ ನಮೂನೆ ಇದೆ. ಶಾರ್ಟ್ ಆಗಿ ಬೆಂಕಿ ಹತ್ತಿ ಮಂಚ, ಬೀರು, ಗೋಡೆ ಸುಟ್ರೆ ಸಿಗುತ್ತೆ. ಆದ್ರೆ ಶಾರ್ಟ್ ಆದ ಆ ಎಸಿಗೇ ಅಂತ ಸಿಗಲ್ಲ, ಸ್ವತಃ ಕೆಟ್ಟ ಯಂತ್ರವನ್ನ ಹೊರಗಿಟ್ಟಿದಾರೆ. ಮತ್ತೆ ಅಕ್ಕನವರ ಪಕ್ಕದ ಮನೆ ಕಾರಿಗೆ ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ರೆ ಮೇಲಿಂದ ಯೂನಿಟ್ ಬಿದ್ದಿದ್ದಕ್ಕೆ ಅವರ ಕಂಪನಿ ಕೊಡಲ್ಲ, ಅವರು ಬರೋದು ನಿಮ್ಮ ಬಾಗಿಲಿಗೇ. ಭಾನುವಾರ ಮೊದಲು ಕಾರ್ ತೆಗೆಸಿ, ಅದಕ್ಕೆ ಯಾವ ಪ್ರೀಮಿಯಮ್ಮೂ ಇಲ್ಲ.

ಹರಿಹರದ ತಂಗಿ:

ದುರ್ಗದ ಅಣ್ಣ, ದುಡ್ಡು ವಾಪಸ್ ಬಂತಾ ಆಮೇಲೆ?

ದುರ್ಗದ ಹುಡ್ಗ:

1915ಕ್ಕೆ ಫೋನ್ ಮಾಡಿ ದೂರು ಬರೆಸ್ದೆ, ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ ಅದು. ಕನ್ನಡದಾಗೇ ಮಾತಾಡಿದ್ರು. ಆದ್ರೆ ಆ ಕಡೆಯೋನ ವಿಳಾಸಾನೇ ಸುಳ್ಳು, ನೋಟಿಸ್ ಎಲ್ಲಿಗೆ ಕಳಿಸ್ತಾರೆ? ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗು, 5 ಲಕ್ಷದವರೆಗೆ ಫೀಸ್ ಇಲ್ಲ, ಎರಡು ವರ್ಷದೊಳಗೆ ಹಾಕ್ಬೋದು ಅಂತ ಲಾಯರ್ ಗೆಳೆಯ ಹೇಳಿದ, ಆದ್ರೆ ಎದುರಾಳಿ ಹೆಸರಿನ ಜಾಗದಾಗೆ ಏನ್ ಬರೀಲಿ, "ಗ್ಯಾಸ್ ಹಾಕ್ದೋನು" ಅಂತಾನಾ. ಅದ್ಕೇ ಹೇಳೋದು, ಅಂಗಡಿಯಿಂದ ಎಸಿ ತಗಳೋರು ಫಿಟ್ಟಿಂಗ್ ಸೇರಿ ಅಂತ ಅದೇ ಬಿಲ್‌ನಾಗೆ ಬರೆಸ್ಕಳ್ರಿ, ನಾಳೆ ಅಂಗಡಿಯೋರು "ಅವ್ನು ನಮ್ಮೋನಲ್ಲ" ಅನ್ನಂಗಿಲ್ಲ. ಅಂಗಡಿಗೆ ಕಾಲಿಲ್ಲ, ಎಲ್ಲಿಗೂ ಓಡಿ ಹೋಗಲ್ಲ.

ಶಾಮನೂರ್ ರೋಡ್ ಅಕ್ಕ:

ಆಗಿದ್ದು ಹೇಳ್ಬಿಡ್ತೀನಿ. ಶನಿವಾರ ಅಂಗಡಿಗೆ ಹೋಗಿ ಬಿಲ್ ಮೇಲೆ ಫಿಟ್ಟಿಂಗ್ ಸೇರಿ ಅಂತ ಬರೀರಿ ಅಂದೆ. ಕೌಂಟರ್‌ನಾಗಿದ್ದೋನು ಓನರ್ ಮುಖ ನೋಡ್ದ, ಓನರ್ ಫ್ಯಾನ್ ನೋಡ್ದ. ಹತ್ತು ನಿಮಿಷ ಆದ್ಮೇಲೆ ಬರೆದು ಸೀಲ್ ಹಾಕಿದ್ರು. ಡಬ್ಲ್ಯೂಸಿ ಕೇಳಿದ್ರೆ ನಮ್ಮ ಗೋಡೌನ್ ಹುಡುಗರಿಗೆ ಐತೆ, ಫಿಟ್ಟಿಂಗ್ ಹುಡುಗರಿಗೆ ಇಲ್ಲ, ಅವ್ರು ಕಂಟ್ರಾಕ್ಟು ಅಂದ್ರು. ಅಂದ್ರೆ ಮೇಷ್ಟ್ರು ಹೇಳ್ದಂಗೇ, ನೆಲದ ಮೇಲೆ ನಿಂತೋನಿಗೆ ವಿಮೆ ಐತೆ, ಗೋಡೆ ಮೇಲೆ ನೇತಾಡೋನಿಗೆ ಇಲ್ಲ.

ಬಿಲ್ ತೆಗೆದು ನೋಡಿದ್ರೆ ನಮ್ದು ಮಂಜೂರು ಲೋಡ್ 2 ಕಿಲೋವ್ಯಾಟ್! ಕಾಕಾ ಹೇಳಿದ ಪ್ರಶ್ನೆ ಆ ಹುಡುಗಂಗೆ ಫೋನ್‌ನಾಗೆ ಕೇಳ್ದೆ. ಅಕ್ಷರ ತಪ್ಪದಂಗೆ ಅದೇ ಉತ್ತರ, "ಅದೆಲ್ಲಾ ಯಾರ್ ಕೇಳ್ತಾರ್ರೀ ಅಕ್ಕಾರೆ". ನಗು ತಡ್ಕಳಕ್ಕಾಗ್ಲಿಲ್ಲ. ಲೈನ್ ಕೆಲ್ಸ ಅವನಿಂದ ಕಿತ್ಕಂಡು, ಹದಡಿ ರೋಡ್‌ನಾಗಿರೋ ಲೈಸೆನ್ಸ್ ಇರೋ ಒಬ್ರಿಗೆ ಕೊಟ್ಟೆ. ಅವ್ರ ಲೈಸೆನ್ಸ್ ತಾರೀಕು ನೋಡ್ದೆ, ಬಂದ ಹುಡುಗನ ಪರ್ಮಿಟ್ ಫೋಟೋ ನೋಡ್ದೆ, ಫೋಟೋದಾಗೆ ಮೀಸೆ ಇತ್ತು ಎದುರಿಗೆ ಇರ್ಲಿಲ್ಲ, ಆದ್ರೂ ಅವನೇ. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಒಂದೊಂದಕ್ಕೂ ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು), ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಆಫ್ ಆಗೋದು). ಲೋಡ್ ಅರ್ಜಿಗೆ ಅವ್ರೇ ಸಹಿ ಹಾಕ್ಯಾರೆ. ಜೇಬು ಸ್ವಲ್ಪ ಹರೀತು.

ಫಿಟ್ಟಿಂಗ್ ಹುಡುಗಂಗೆ ಹೇಳ್ದೆ, ಕಿಟಕಿಯಿಂದ ನೇತಾಡೋದಾದ್ರೆ ನನ್ನ ಮನೆಗೆ ಎಸಿನೇ ಬ್ಯಾಡ. ಆಮೇಲೆ ನಮ್ಮೆಜಮಾನ್ರೇ ಯೋಚ್ನೆ ಮಾಡಿ ಹೇಳಿದ್ರು, ಯೂನಿಟ್‌ನ ಟೆರೇಸ್ ಮೇಲೆ ಸ್ಟ್ಯಾಂಡ್ ಹಾಕಿ ಇಡ್ರಿ, ಪೈಪ್ ನಾಕೈದು ಮೀಟರ್ ಉದ್ದ ಆಗ್ತೈತೆ ಅಷ್ಟೆ ಅಂತ. ಹೆಚ್ಚಿನ ತಾಮ್ರದ ಪೈಪಿಗೆ ದುಡ್ಡು ಹೋತು, ಹೋಗ್ಲಿ. ಪೈಪ್ ಕೂರ್ಸಕ್ಕೆ ಗೋಡೆ ಮೇಲೆ ಒಂದ್ ಕಡೆ ಬಗ್ಗಲೇಬೇಕಿತ್ತು, ಅದಕ್ಕೆ ಹಗ್ಗ, ಬೆಲ್ಟು ಇಲ್ದೆ ಬರಂಗಿಲ್ಲ ಅಂದಿದ್ದೆ. ಬೆಲ್ಟ್ ಬಾಡ್ಗೆಗೆ ತಂದಿದ್ರು, ಬಕಲ್ ಹೆಂಗ್ ಹಾಕ್ಬೇಕು ಅಂತ ಇಬ್ರಿಗೂ ಗೊತ್ತಿಲ್ಲ, ಕಡೇಗೆ ಪಕ್ಕದ್ಮನೆ ಪೈಂಟರ್ ಬಂದು ಹಾಕ್ಕೊಟ್ಟ. ವ್ಯಾಕ್ಯೂಮ್ ಪಂಪ್ ಇತ್ತು, 35 ನಿಮಿಷ ಓಡಿಸ್ದ, ನಾನು ಗಡಿಯಾರ ನೋಡ್ತಾ ನಿಂತಿದ್ದೆ, ಅವ್ನು ನನ್ನ ನೋಡ್ತಾ ನಿಂತಿದ್ದ. 1500 ಕೊಟ್ಟೆ ಗೇಜ್ ಅಣ್ಣ, ಚೌಕಾಸಿ ಮಾಡ್ಲಿಲ್ಲ.

ಹುಡುಗರಿಬ್ರೂ ನಾಳೆ ನಮ್ಮ ಬ್ರಾಂಚಿಗೆ ಬರ್ತೀವಿ ಅಂದಾರೆ, ಆ 20 ರೂಪಾಯಿ ಬಿಮಾಕ್ಕೆ ಫಾರಂ ನಾನೇ ತುಂಬ್ಕೊಡ್ತೀನಿ. ಸಣ್ಣೋನು 19 ವರ್ಷದೋನು, ನಾಮಿನಿ ಯಾರು ಅಂದ್ರೆ "ಅಕ್ಕಾರೆ ಅಮ್ಮಂಗೆ ಗೊತ್ತಾದ್ರೆ ಕೆಲ್ಸ ಬಿಡಿಸ್ತಾಳೆ" ಅಂತಾನೆ.

ಗೇಜ್ ಅಣ್ಣ:

ಬೆಲ್ಟ್ ಬಾಡ್ಗೆ ಎಲ್ಲಿ ತಂದ್ರು ಕೇಳ್ರಿ ಅಕ್ಕಾರೆ, ನನಗೂ ಬೇಕಿತ್ತು

ಹಳೇ ವೈರ್‌ಮನ್:

ತಂಗಿ, ಒಂದ್ ವಾರ ಆದ್ಮೇಲೆ ಎಸಿ ಓಡ್ತಿರುವಾಗ ಆ ಎಂಸಿಬಿ ಮುಖದ ಮೇಲೆ ಬೆರಳಿಟ್ಟು ನೋಡು. ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಹಿಂದಕ್ಕೆ ಎಳ್ಕಂಬೇಕು ಅನ್ನಿಸಿದ್ರೆ ಎಸಿ ಆಫ್ ಮಾಡಿ ಅವ್ರನ್ನ ವಾಪಸ್ ಕರ್ಸು.

ಶಾಮನೂರ್ ರೋಡ್ ಅಕ್ಕ:

ಆತು ಕಾಕಾ, ಬುಧವಾರ ನೋಡಿ ಇಲ್ಲೇ ಹಾಕ್ತೀನಿ. ಅಪ್ಪಾಜಿ 28ಕ್ಕೆ ಇಟ್ಕಂಡು, ಮ್ಯಾಲೆ ಫ್ಯಾನೂ ಹಾಕ್ಕಂಡು, ಕಂಬಳಿ ಹೊದ್ಕಂಡು ಮಲಗ್ಯಾರೆ.